ಅಡಿಕೆ ತೋಟಕ್ಕೂ ಮನೆಯಂಗಳಕ್ಕೂ ಮಿನಿ ಹಿಟಾಚಿ: ಆರಿಸುವ ಮುನ್ನ ಅಳೆಯಬೇಕಾದದ್ದು

ಕೆಲವು ವರ್ಷಗಳ ಹಿಂದೆ, ದೀಪಾವಳಿ ಕಳೆದು ತೋಟದ ನೆಲ ಒಣಗತೊಡಗಿದ ಸಮಯದಲ್ಲಿ, ನಮ್ಮ ಅಡಿಕೆ ತೋಟದ ಕಪ್ಪುಗಳನ್ನು, ಅಂದರೆ ಬಸಿಗಾಲುವೆಗಳನ್ನು, ಹೊಸದಾಗಿ ತೆಗೆಸಬೇಕೆಂದು ಮಣ್ಣು ಅಗೆಯುವ ಬಾಡಿಗೆ ಯಂತ್ರದವರಿಗೆ ಫೋನು ಮಾಡಿ ‘ಒಂದು ಮಿನಿ ಹಿಟಾಚಿ ಕಳಿಸಿ’ ಎಂದಷ್ಟೇ ಹೇಳಿದ್ದೆ. ಮರುದಿನ ಬೆಳಿಗ್ಗೆ ಲಾರಿಯಿಂದ ಇಳಿದದ್ದು ಏಳು ಟನ್ನಿನ ಯಂತ್ರ. ಉಣುಗೋಲು, ಅಂದರೆ ದಾರಿಗೆ ಅಡ್ಡ ಹಾಕಿದ ಗಳುಗಳನ್ನು, ತೆಗೆದು, ಬೇಲಿಯ ಎರಡು ಗೂಟಗಳನ್ನೂ ಕಿತ್ತು ಅದನ್ನು ಒಳಗೆ ಬಿಟ್ಟದ್ದಾಯಿತು. ಮೊದಲ ಸಾಲಿನ ತುದಿಯಲ್ಲಿ ಯಂತ್ರ ತಿರುಗಿದಾಗ ಅದರ ಹಿಂಭಾಗದ ಕಬ್ಬಿಣದ ತೂಕ ಫಲಕ್ಕೆ ಬಂದಿದ್ದ ಎರಡು ಮರಗಳ ಬುಡಕ್ಕೆ ಬಡಿಯಿತು. ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಲಾರಿಯ ಎರಡೂ ಕಡೆಯ ಬಾಡಿಗೆ ಕೊಟ್ಟು ಯಂತ್ರವನ್ನು ವಾಪಸು ಕಳಿಸಿದೆ. ಆ ಎರಡು ಮರಗಳು ಮುಂದಿನ ಬೇಸಿಗೆ ದಾಟಲಿಲ್ಲ. ಯಂತ್ರದ ಮಾಲೀಕರದ್ದಾಗಲಿ ಆಪರೇಟರನದ್ದಾಗಲಿ ತಪ್ಪಿರಲಿಲ್ಲ, ಏಕೆಂದರೆ ತೋಟದ ಅಳತೆಯನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಅಂದಿನಿಂದ ಇಂದಿನವರೆಗೆ ಬಾಡಿಗೆಗೆ ತರಿಸುವಾಗಲೂ, ನೆರೆಹೊರೆಯವರು ಕೊಳ್ಳುವಾಗ ಜೊತೆಗೆ ಹೋದಾಗಲೂ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಮಲೆನಾಡಿನ ಅಡಿಕೆ ತೋಟವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದಾದರೂ ಮನೆಯಂಗಳ, ಹೂದೋಟ, ಹೋಂಸ್ಟೇಗಳ ಆವರಣದ ಕೆಲಸಕ್ಕೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ಹೆಸರು ಹೇಳಿ ಕೇಳಬೇಡಿ, ತೂಕ ಹೇಳಿ ಕೇಳಿ

ನಮ್ಮ ಕಡೆ ಗಾಲಿಯ ಮೇಲೆ ಓಡುವ, ಮುಂದೆ ಮಣ್ಣು ತುಂಬುವ ಅಗಲ ಬಕೆಟ್ಟೂ ಹಿಂದೆ ಅಗೆಯುವ ಕೈಯೂ ಇರುವ ಯಂತ್ರ ಯಾವ ಕಂಪನಿಯದಾದರೂ ಅದು ಜೆಸಿಬಿ. ಚೈನಿನ ಮೇಲೆ ಓಡಿ, ಮೇಲ್ಭಾಗ ಸುತ್ತಲೂ ತಿರುಗುವ ಯಂತ್ರ ಯಾರದ್ದಾದರೂ ಅದು ಹಿಟಾಚಿ. ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲಿ ಇರುವುದರಿಂದಲೂ ಆ ಹೆಸರು ನಮ್ಮಲ್ಲಿ ಗಟ್ಟಿಯಾಗಿ ನಿಂತಿರಬಹುದು. ತೊಂದರೆ ಏನೆಂದರೆ, ಕೆರೆ ಹೂಳಿನಲ್ಲೂ ರಸ್ತೆ ಕೆಲಸದಲ್ಲೂ ಇಪ್ಪತ್ತು ಟನ್ನಿನ ಯಂತ್ರವನ್ನು ದಿನವೂ ಓಡಿಸುವವರಿಗೆ ‘ಸೆವೆಂಟಿ’ ಎಂದು ಕರೆಯುವ ಏಳು ಟನ್ನಿನದೇ ಮಿನಿ. ತೋಟದವರ ಮನಸ್ಸಿನಲ್ಲಿರುವುದು ಅದರ ನಾಲ್ಕನೆಯ ಒಂದು ಭಾಗದಷ್ಟು ತೂಕದ್ದು. ಆದ್ದರಿಂದ ಬಾಡಿಗೆಗಾದರೂ ಕೊಳ್ಳಲಿಕ್ಕಾದರೂ ಯಂತ್ರದ ತೂಕ ಎಷ್ಟು ಟನ್, ಚೈನಿನಿಂದ ಚೈನಿನ ಹೊರ ಅಂಚಿಗೆ ಅಗಲ ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಬೇಕು.

ಆರು ಟನ್ನಿನ ಒಳಗಿನವನ್ನು ಮಿನಿ ಎಂದು ಹಿಡಿದರೆ, ತೋಟ ಮತ್ತು ಅಂಗಳದ ಕೆಲಸಕ್ಕೆ ಮೂರು ಗುಂಪುಗಳು ಲೆಕ್ಕಕ್ಕೆ ಬರುತ್ತವೆ. ಒಂದೂವರೆಯಿಂದ ಎರಡು ಟನ್ನಿನವು ಸುಮಾರು 1 ಮೀಟರಿನಿಂದ 1.25 ಮೀಟರ್ ಅಗಲವಿದ್ದು, ನೆಲದಿಂದ ಕೆಳಗೆ ಸುಮಾರು 2.3 ಮೀಟರ್ ಅಗೆಯುತ್ತವೆ. ಮೂರು ಟನ್ ಆಸುಪಾಸಿನವು ಒಂದೂವರೆ ಮೀಟರ್ ಅಗಲವಿದ್ದು ಮೂರು ಮೀಟರಿಗೆ ಸಮೀಪದ ಆಳ ಮುಟ್ಟುತ್ತವೆ. ಐದು ಟನ್ನಿನವುಗಳ ಅಗಲ ಎರಡು ಮೀಟರಿಗೆ ತುಸು ಕಡಿಮೆ, ಆಳ ಮೂರೂವರೆ ಮೀಟರ್. ಹೋಲಿಕೆಗೆ ಹೇಳುವುದಾದರೆ, ರಸ್ತೆಯಲ್ಲಿ ದಿನವೂ ಕಾಣುವ ಸಾಮಾನ್ಯ ಜೆಸಿಬಿಯ ತೂಕ ಏಳೂವರೆ ಟನ್ ಆಸುಪಾಸು, ಅಗಲ ಎರಡು ಮೀಟರಿಗೂ ಹೆಚ್ಚು.

ಯಂತ್ರ ನೋಡುವ ಮುನ್ನ ಟೇಪು ಹಿಡಿದು ತೋಟ ಸುತ್ತಿ

ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಅಡಿಕೆಗೆ ಶಿಫಾರಸು ಮಾಡುವ ಅಂತರ 2.7 ಮೀಟರಿಗೆ 2.7 ಮೀಟರ್, ಅಂದರೆ ನಮ್ಮ ಲೆಕ್ಕದ ಒಂಬತ್ತು ಅಡಿ. ಕಾಗದದ ಮೇಲೆ ಒಂಬತ್ತು ಅಡಿ ಧಾರಾಳವೆನಿಸುತ್ತದೆ. ಆದರೆ ಪ್ರತಿ ಮರಕ್ಕೂ ಕಾಳುಮೆಣಸಿನ ಬಳ್ಳಿ ಹಬ್ಬಿದ್ದರೆ ಎರಡೂ ಕಡೆಯಿಂದ ಒಂದೊಂದೂವರೆ ಅಡಿ ಹೋಗಿ ಆರು ಅಡಿ ಉಳಿಯುತ್ತದೆ; ನಡುವೆ ಬಾಳೆಯೋ ಏಲಕ್ಕಿಯೋ ಇದ್ದರೆ ಅದೂ ಇಲ್ಲ. ಅಜ್ಜನ ಕಾಲದ ತೋಟಗಳಲ್ಲಿ ಸಾಲು ಇನ್ನೂ ಒತ್ತಾಗಿರುತ್ತದೆ, ಸತ್ತ ಮರದ ಜಾಗದಲ್ಲಿ ತೋಚಿದಲ್ಲಿ ನೆಟ್ಟ ಸಸಿ ಸಾಲನ್ನೇ ಮುರಿದಿರುತ್ತದೆ. ಈ ಆರು ಅಡಿಯಲ್ಲಿ ಒಂದು ಮೀಟರ್ ಅಗಲದ ಯಂತ್ರ ಹೋಗಬಲ್ಲದು, ನಿಂತು ಕೆಲಸವನ್ನೂ ಮಾಡಬಲ್ಲದು. ಮೂರು ಟನ್ನಿನದ್ದು ಕಷ್ಟಪಟ್ಟು ಹೋಗಬಲ್ಲದು, ಆದರೆ ತಿರುಗುವಾಗ ಬಳ್ಳಿಗೆ ತಾಗುತ್ತದೆ. ಅದಕ್ಕಿಂತ ದೊಡ್ಡದು ಸಾಲಿನೊಳಗೆ ಇಳಿಯಬಾರದು. ಕಾಫಿಯಲ್ಲಿ ಸ್ಥಿತಿ ಇನ್ನೂ ಬಿಗಿ. ಆರು ಅಡಿಗೆ ನೆಟ್ಟ ಅರೇಬಿಕಾದ ಸಾಲುಗಳ ನಡುವೆ ಯಾವ ಯಂತ್ರವನ್ನೂ ಬಿಡದೆ, ಮಳೆನೀರು ಇಂಗಿಸಲು ಸಾಲುಗಳ ನಡುವೆ ತೋಡುವ ತೊಟ್ಟಿಲು ಗುಂಡಿಯ ಕೆಲಸಕ್ಕೆ ಆಳುಗಳನ್ನೇ ನೆಚ್ಚುವುದು ಒಳ್ಳೆಯದು; ಯಂತ್ರವನ್ನು ಎಸ್ಟೇಟಿನ ಒಳದಾರಿ, ಚರಂಡಿ, ಕೆರೆದಂಡೆಗಳಿಗೆ ಮೀಸಲಿಡಬಹುದು.

ಸಾಲಿನ ಅಂತರವನ್ನು ಅಳೆದರೆ ಸಾಲದು. ಲಾರಿ ನಿಲ್ಲುವ ಜಾಗದಿಂದ ತೋಟದ ಕೊನೆಯ ಮೂಲೆಯವರೆಗೆ ದಾರಿಯಲ್ಲಿ ಅತಿ ಇಕ್ಕಟ್ಟಾದ ಜಾಗ ಯಾವುದೋ ಅದರ ಅಳತೆಯೇ ನಿಮ್ಮ ಯಂತ್ರದ ಅಳತೆಯನ್ನು ತೀರ್ಮಾನಿಸುತ್ತದೆ. ಉಣುಗೋಲಿನ ಅಗಲ, ಕೊಟ್ಟಿಗೆಗೂ ಮನೆಗೂ ನಡುವಿನ ಓಣಿ, ಹಳ್ಳದ ಮೇಲಿನ ಸಂಕ, ಧರೆಯ (ಕಡಿದಾದ ಮಣ್ಣಿನ ಗೋಡೆಯ) ಪಕ್ಕದ ತಿರುವು, ಅಡ್ಡ ಹಾದಿರುವ ಸ್ಪ್ರಿಂಕ್ಲರ್ ಪೈಪು ಇವೆಲ್ಲವನ್ನೂ ಬರೆದಿಟ್ಟುಕೊಳ್ಳಿ. ಅಡಿಕೆ ದಬ್ಬೆಯ ಸಂಕವಾಗಲಿ ತೆಳುವಾದ ಸಿಮೆಂಟ್ ಹಲಗೆಯಾಗಲಿ ಎರಡು ಟನ್ ತಾಳುವುದಿಲ್ಲ. ಅಂಥ ಕಡೆ ಹಳ್ಳದ ದಂಡೆಯನ್ನು ಇಳಿಜಾರು ಮಾಡಿ ದಾಟಿಸುವ ಜಾಗವನ್ನು ಮೊದಲೇ ಗುರುತಿಸಿರಬೇಕು. ತಲೆಯ ಮೇಲೂ ನೋಡಬೇಕು: ಚಾವಣಿ ಇರುವ ಯಂತ್ರ ಎರಡೂಕಾಲು ಮೀಟರಿಗಿಂತ ಎತ್ತರವಿರುತ್ತದೆ, ಅಗೆಯುವ ಕೈ ಪೂರ್ತಿ ಮೇಲೆತ್ತಿದರೆ ಅದು ಇನ್ನೂ ಬಹಳ ಮೇಲೆ ಹೋಗುತ್ತದೆ. ಪಂಪ್‌ಸೆಟ್ಟಿಗೆ ಎಳೆದ ಜೋಲುಬಿದ್ದ ವಿದ್ಯುತ್ ತಂತಿಯ ಕೆಳಗೆ ಕೆಲಸವನ್ನೇ ಇಟ್ಟುಕೊಳ್ಳಬಾರದು.

ಚಿಕ್ಕ ಯಂತ್ರಗಳಲ್ಲಿ ಕೆಲವಕ್ಕೆ ಚೈನಿನ ಅಗಲವನ್ನು ಹೈಡ್ರಾಲಿಕ್ಕಿನಿಂದ ಹಿಗ್ಗಿಸಿ ಕುಗ್ಗಿಸುವ ಅನುಕೂಲ ಇರುತ್ತದೆ. ಬಾಗಿಲು ದಾಟುವಾಗ ಒಂದು ಮೀಟರಿಗೆ ಕುಗ್ಗಿಸಿ, ಅಗೆಯುವಾಗ 1.2 ಮೀಟರಿಗೂ ಮೀರಿ ಹಿಗ್ಗಿಸಬಹುದು. ಇಕ್ಕಟ್ಟಾದ ತೋಟವಿರುವವರಿಗೆ ಇದು ನಿಜಕ್ಕೂ ಹಣ ಕೊಟ್ಟು ಕೊಳ್ಳಬೇಕಾದ ಅನುಕೂಲ. ಆದರೆ ಕುಗ್ಗಿಸಿದ ಸ್ಥಿತಿಯಲ್ಲೇ ಪಕ್ಕಕ್ಕೆ ತಿರುಗಿ ತುಂಬಿದ ಬಕೆಟ್ಟನ್ನು ಎತ್ತಿದರೆ ಯಂತ್ರ ಮಗುಚುವ ಅಪಾಯವಿದೆ; ಕುಗ್ಗಿಸುವುದು ದಾರಿ ದಾಟಲಿಕ್ಕೆ ಮಾತ್ರ.

ಹಿಂಭಾಗ ಹೊರಚಾಚದ ಯಂತ್ರಗಳನ್ನು ‘ಝೀರೋ ಟೇಲ್’ ಎಂದು ಮಾರುತ್ತಾರೆ. ಮೇಲ್ಭಾಗ ಎತ್ತ ತಿರುಗಿದರೂ ಅದರ ಹಿಂಬದಿ ಚೈನಿನ ಅಂಚನ್ನು ಮೀರುವುದಿಲ್ಲ ಎಂಬುದು ಇದರ ಅರ್ಥ. ನನ್ನ ಎರಡು ಮರಗಳನ್ನು ಉಳಿಸಬಹುದಾಗಿದ್ದ ಗುಣ ಇದೇ, ಆದ್ದರಿಂದ ತೋಟಕ್ಕೆ ಇದನ್ನೇ ತೆಗೆದುಕೊಳ್ಳಿ ಎಂದು ಒತ್ತಿ ಹೇಳುತ್ತೇನೆ. ಆದರೂ ಎರಡು ವಿಷಯ ಗಮನದಲ್ಲಿರಲಿ. ಚೈನು ಹಿಗ್ಗಿಸುವ ಯಂತ್ರದಲ್ಲಿ ಈ ಮಾತು ಹಿಗ್ಗಿಸಿದ ಅಗಲಕ್ಕೆ ಮಾತ್ರ ಸತ್ಯ, ಕುಗ್ಗಿಸಿದಾಗ ಹಿಂಬದಿ ತುಸು ಹೊರಗೆ ಬರುತ್ತದೆ. ಎರಡನೆಯದು, ಹಿಂಬದಿ ತಾಗದಿದ್ದರೂ ಮುಂದೆ ಮಡಚಿಟ್ಟ ಕೈ ಮತ್ತು ಬಕೆಟ್ಟು ತಿರುಗಲು ಹೆಚ್ಚು ಜಾಗ ಬೇಕು. ಕಂಪನಿಯ ಕೈಪಿಡಿಯಲ್ಲಿ ಮುಂಭಾಗದ ತಿರುಗಳತೆಯನ್ನೂ ಕೊಟ್ಟಿರುತ್ತಾರೆ. ಎರಡನ್ನೂ ಓದಿ, ತೋಟದಲ್ಲಿ ಒಂದು ಗೂಟ ನೆಟ್ಟು ಹಗ್ಗ ಕಟ್ಟಿ ಆ ಅಳತೆಯ ವೃತ್ತ ಎಳೆದು ನೋಡಿದರೆ, ಯಾವ ಬಳ್ಳಿ ಉಳಿಯುತ್ತದೆ ಯಾವುದು ಹೋಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

ಆಳ, ಮಣ್ಣು ಮತ್ತು ಬಕೆಟ್ಟು

ಅಡಿಕೆ ಗುಂಡಿ 90 ಸೆಂಟಿಮೀಟರ್ ಆಳ, ತೆಂಗಿನದ್ದು ಒಂದು ಮೀಟರ್, ಜಂಬಿಟ್ಟಿಗೆ (ಗಟ್ಟಿ ಕೆಂಪು ಮುರಕಲ್ಲಿನ) ನೆಲದಲ್ಲಾದರೆ ಇನ್ನಷ್ಟು. ಕಪ್ಪು ಎರಡರಿಂದ ಮೂರು ಅಡಿ, ಪೈಪ್‌ಲೈನು ಎರಡು ಅಡಿ. ಅಂದರೆ ತೋಟದ ಬಹುತೇಕ ಕೆಲಸ ಒಂದು ಮೀಟರಿನ ಆಳದಲ್ಲೇ ಮುಗಿಯುತ್ತದೆ, ಅದಕ್ಕೆ ಎರಡು ಟನ್ನಿನ ಒಳಗಿನ ಯಂತ್ರ ಸಾಕು. ಕೈಪಿಡಿಯಲ್ಲಿ ಕೊಟ್ಟ ಗರಿಷ್ಠ ಆಳವನ್ನು ನಂಬಿ ಲೆಕ್ಕ ಹಾಕಬಾರದು, ಏಕೆಂದರೆ ಆ ತುದಿಯಲ್ಲಿ ಬಕೆಟ್ಟು ನೆಟ್ಟಗೆ ಕೆಳಗೆ ಚುಚ್ಚಬಲ್ಲದೇ ಹೊರತು ತಳವನ್ನು ಸಮ ಮಾಡಲಾರದು. ಅದರ ಮೂರನೆಯ ಎರಡು ಭಾಗವನ್ನು ನಿತ್ಯ ಬಳಕೆಯ ಆಳ ಎಂದುಕೊಂಡರೆ ಮೋಸ ಹೋಗುವುದಿಲ್ಲ.

ಕೃಷಿ ಹೊಂಡದ ವಿಷಯವೇ ಬೇರೆ. ರಾಜ್ಯದಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಂಡ ಎಲ್ಲರ ಬಾಯಲ್ಲೂ ಇದೆ, ಮಿನಿ ಕೊಂಡರೆ ಹೊಂಡವೂ ಆದೀತು ಎಂದು ಆಸೆಪಡುವವರೂ ಇದ್ದಾರೆ. ಲೆಕ್ಕ ಹಾಕಿ ನೋಡೋಣ. ಮೇಲೆ 12 ಮೀಟರ್ ಚೌಕ, ತಳದಲ್ಲಿ 6 ಮೀಟರ್ ಚೌಕ, ಆಳ 3 ಮೀಟರ್ ಇರುವ ಹೊಂಡದಿಂದ 252 ಘನ ಮೀಟರ್ ಮಣ್ಣು ಹೊರಗೆ ಬರಬೇಕು. ಒಂದೂಮುಕ್ಕಾಲು ಟನ್ನಿನ ಯಂತ್ರದ ಬಕೆಟ್ಟು ಹಿಡಿಯುವುದು ಸುಮಾರು 0.04 ಘನ ಮೀಟರ್. ಅಗೆದ ಮಣ್ಣು ಉಬ್ಬುವುದನ್ನು ಬಿಟ್ಟರೂ 6,300 ಬಾರಿ ಎತ್ತಬೇಕು. ಒಂದು ಬಾರಿಗೆ 20 ಸೆಕೆಂಡು ಎಂದರೆ ಬಿಡುವಿಲ್ಲದ 35 ಗಂಟೆ. ಅದರ ಕೈ ಹೊಂಡದ ನಡುವಿಗೆ ಎಟಕುವುದೂ ಇಲ್ಲವಾದ್ದರಿಂದ ಅದೇ ಮಣ್ಣನ್ನು ಎರಡು ಮೂರು ಬಾರಿ ಎತ್ತಿ ಹಾಕಬೇಕಾಗುತ್ತದೆ. ಏಳು ಟನ್ನಿನ, 0.3 ಘನ ಮೀಟರ್ ಬಕೆಟ್ಟಿನ ಯಂತ್ರಕ್ಕೆ ಅದೇ ಕೆಲಸ 840 ಬಾರಿಯದ್ದು. ಹೊಂಡಕ್ಕೆ ದೊಡ್ಡದನ್ನು ಬಾಡಿಗೆಗೆ ತನ್ನಿ, ಹೊಂಡದ ದಂಡೆ ಸವರಿ ಒಳಗಾಲುವೆ ತೆಗೆಯುವುದನ್ನು ಮಿನಿಗೆ ಬಿಡಿ.

ಮಣ್ಣಿನ ಗುಣ ಯಂತ್ರದ ಶಕ್ತಿಯನ್ನು ತಿಂದುಬಿಡುತ್ತದೆ. ತೋಟದ ಮೆತ್ತನೆ ಮಣ್ಣಿನಲ್ಲಿ ಬೆಣ್ಣೆಯಂತೆ ಕತ್ತರಿಸಿದ ಯಂತ್ರವೇ ಹುಲ್ಲು ಬೆಳೆಯಲು ಬಿಟ್ಟ ಬ್ಯಾಣದ ಜಂಬಿಟ್ಟಿಗೆ ನೆಲದಲ್ಲಿ ಹಲ್ಲು ಕೆರೆದುಕೊಂಡು ಚೈನಿನ ಮುಂಭಾಗ ಎತ್ತಿ ನಿಲ್ಲುತ್ತದೆ. ಅಲ್ಲಿ ಅಗಲ ಬಕೆಟ್ಟನ್ನು ಬಿಚ್ಚಿ ಒಂದಡಿ ಅಗಲದ, ಗಟ್ಟಿ ಹಲ್ಲಿನ ಬಕೆಟ್ಟು ಹಾಕಿದರೆ ಅದೇ ಶಕ್ತಿ ಕಡಿಮೆ ಅಗಲದ ಮೇಲೆ ಬೀಳುವುದರಿಂದ ಕೆಲಸ ಸಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಕುಟ್ಟಿ ಒಡೆಯುವ ಬ್ರೇಕರ್ ಬೇಕು. ನಿಮ್ಮ ಕೆಲಸದಲ್ಲಿ ಅರ್ಧಕ್ಕಿಂತ ಹೆಚ್ಚು ಇಂಥ ನೆಲದಲ್ಲಿದ್ದರೆ ಮೂರು ಟನ್ನಿಗಿಂತ ಕಡಿಮೆಯದನ್ನು ಕೊಳ್ಳಬೇಡಿ. ಬಯಲುಸೀಮೆಯ ಎರೆಮಣ್ಣಿನಲ್ಲಿ ಕಷ್ಟ ಬೇರೆ ರೀತಿಯದು. ಒದ್ದೆಯಾದಾಗ ಅದು ಚೈನಿನ ಸಂದಿಗಳಲ್ಲೂ ಬಕೆಟ್ಟಿನಲ್ಲೂ ಅಂಟಿಕೊಂಡು ಬಿಡುವುದೇ ಇಲ್ಲ, ಆದ್ದರಿಂದ ಹದ ನೋಡಿಯೇ ಯಂತ್ರ ಇಳಿಸಬೇಕು.

ರಬ್ಬರ್ ಚೈನೋ ಕಬ್ಬಿಣದ್ದೋ ಎಂಬ ಪ್ರಶ್ನೆಗೆ ಅಂಗಳದ ಇಂಟರ್‌ಲಾಕ್, ಸಿಮೆಂಟ್ ರಸ್ತೆ, ಹುಲ್ಲುಹಾಸುಗಳ ಮೇಲೆ ಓಡಾಡುವವರಿಗೆ ಉತ್ತರ ಸುಲಭ: ರಬ್ಬರ್. ಚೂಪು ಕಲ್ಲು, ಕತ್ತರಿಸಿದ ಬಿದಿರಿನ ಬುಡ ಇರುವಲ್ಲಿ ನಿಂತಲ್ಲೇ ಗಿರ್ರನೆ ತಿರುಗಿಸಿದರೆ ರಬ್ಬರ್ ಸೀಳುತ್ತದೆ, ಹೊಸ ಜೋಡಿಯ ಬೆಲೆ ಸಣ್ಣದಲ್ಲ. ಎರಡು ಟನ್ನಿನ ರಬ್ಬರ್ ಚೈನಿನ ಯಂತ್ರ ನೆಲದ ಮೇಲೆ ಹಾಕುವ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 0.3 ಕಿಲೋ, ಅಂದರೆ ಮನುಷ್ಯ ನಡೆಯುವಾಗ ಒಂದು ಪಾದದ ಕೆಳಗೆ ಬೀಳುವಷ್ಟು. ಅಡಿಕೆಯ ಉಣ್ಣುವ ಬೇರುಗಳು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಈ ಹಗುರತನ ಬಹಳ ಮುಖ್ಯ. ಆದರೂ ನೆಲ ಒದ್ದೆಯಿರುವಾಗ ಹತ್ತು ಬಾರಿ ಅದೇ ದಾರಿಯಲ್ಲಿ ಓಡಾಡಿದರೆ ಯಾವ ಯಂತ್ರವಾದರೂ ಮಣ್ಣನ್ನು ಗಾರೆಯಂತೆ ಗಟ್ಟಿ ಮಾಡುತ್ತದೆ.

ಜೋಡಣೆಗಳಲ್ಲಿ ಮೊದಲು ಕೊಳ್ಳಬೇಕಾದದ್ದು ಬೇರೆ ಬೇರೆ ಅಗಲದ ಮೂರು ಬಕೆಟ್ಟುಗಳನ್ನು: ಪೈಪಿಗೆ ಒಂದಡಿಯದ್ದು, ಕಪ್ಪಿಗೆ ಒಂದೂವರೆ ಅಡಿಯದ್ದು, ಮಣ್ಣು ಸವರಲು ಹಲ್ಲಿಲ್ಲದ ಮೂರಡಿಯದ್ದು. ಗುಂಡಿ ಕೊರೆಯುವ ಆಗರ್ ಹಾಕುವ ಯೋಚನೆಯಿದ್ದರೆ, ಹೆಚ್ಚುವರಿ ಹೈಡ್ರಾಲಿಕ್ ಲೈನು ಎರಡೂ ದಿಕ್ಕಿಗೆ ಹರಿಯುತ್ತದೆಯೇ ಎಂದು ಕೇಳಲೇಬೇಕು. ಬ್ರೇಕರಿಗೆ ಒಂದು ದಿಕ್ಕಿನ ಹರಿವು ಸಾಕು, ಆದರೆ ಬೇರಿಗೆ ಸಿಕ್ಕಿಕೊಂಡ ಆಗರನ್ನು ಹಿಂದಕ್ಕೆ ತಿರುಗಿಸಿ ಬಿಡಿಸಲು ಎರಡು ದಿಕ್ಕಿನದ್ದೇ ಬೇಕು. ಜಿಗುಟು ಮಣ್ಣಿನಲ್ಲಿ ಆಗರ್ ಕೊರೆದ ಗುಂಡಿಯ ಗೋಡೆಯನ್ನು ಕೈಯಿಂದ ಮುಟ್ಟಿ ನೋಡಿ: ಮಡಕೆಯ ಒಳಮೈಯಂತೆ ನುಣುಪಾಗಿರುತ್ತದೆ. ಹಾಗೆಯೇ ಸಸಿ ಇಟ್ಟರೆ ಬೇರು ಆ ಗೋಡೆ ದಾಟುವುದು ಕಷ್ಟ, ಮಳೆಗಾಲದಲ್ಲಿ ನೀರೂ ಅಲ್ಲೇ ನಿಲ್ಲುತ್ತದೆ. ಹಾರೆಯಿಂದ ಸುತ್ತಲೂ ಗೀರಿ ಒರಟು ಮಾಡಿ ನೆಡಬೇಕು.

ಅಂಗಳ ಮತ್ತು ಹೂದೋಟದ ಕೆಲಸ

ಮನೆಯ ಸುತ್ತಲಿನ ಕೆಲಸಕ್ಕೆ ಎರಡು ಗುಣಗಳನ್ನು ವಿಶೇಷವಾಗಿ ನೋಡಿ. ಒಂದು, ಅಗೆಯುವ ಕೈ ಬುಡದಲ್ಲೇ ಎಡಬಲಕ್ಕೆ ಹೊರಳುವಂತಿರಬೇಕು. ಹಾಗಿದ್ದರೆ ಗೋಡೆಗೆ ಸಮನಾಗಿ ಯಂತ್ರ ನಿಲ್ಲಿಸಿ, ಗೋಡೆಯ ಪಕ್ಕದಲ್ಲೇ ನೇರವಾದ ಚರಂಡಿ ತೆಗೆಯಬಹುದು. ಇಲ್ಲದಿದ್ದರೆ ಗೋಡೆಯಿಂದ ಒಂದೆರಡು ಅಡಿ ಆಚೆಗಷ್ಟೇ ಸಾಧ್ಯ. ಎರಡನೆಯದು ಮುಂದಿನ ಬ್ಲೇಡು. ಮಣ್ಣು ತಳ್ಳಲು, ಗುಂಡಿ ಮುಚ್ಚಲು, ಅಗೆಯುವಾಗ ನೆಲಕ್ಕೆ ಊರಿ ಯಂತ್ರವನ್ನು ಅಲುಗದಂತೆ ನಿಲ್ಲಿಸಲು ಅದು ಬೇಕೇ ಬೇಕು. ಕಲ್ಲು ಜೋಡಿಸಿ ಕಟ್ಟಣೆ ಮಾಡುವವರಿಗೆ ಬಕೆಟ್ಟಿನ ಎದುರು ಹೆಬ್ಬೆರಳಿನಂತೆ ಒತ್ತುವ ಹಿಡಿಕೆ ಸಿಕ್ಕರೆ ನಾಲ್ಕು ಜನ ಹೊರುವ ಕಲ್ಲನ್ನು ಒಬ್ಬನೇ ಜಾಗಕ್ಕೆ ಕೂರಿಸಬಹುದು.

ಹುಲ್ಲುಹಾಸಿಗೋ ಹೂವಿನ ಪಾತಿಗೋ ಅಂಗಳ ಸಮ ಮಾಡಿಸುವಾಗ ಮೇಲಿನ ಅರ್ಧ ಅಡಿ ಕಪ್ಪು ಮಣ್ಣನ್ನು ಮೊದಲು ಕೆರೆದು ಒಂದು ಬದಿಗೆ ರಾಶಿ ಹಾಕಿಸಿ, ಕೆಳಗಿನ ಕೆಂಪು ಮಣ್ಣನ್ನು ಬೇಕಾದ ಇಳಿಜಾರಿಗೆ ತಂದ ಮೇಲೆ ಆ ಕಪ್ಪು ಮಣ್ಣನ್ನು ಮರಳಿ ಹರಡಿಸಿ. ಈ ಕ್ರಮ ತಪ್ಪಿ ಎರಡೂ ಕಲೆತರೆ ಮುಂದೆ ಎಷ್ಟು ಗೊಬ್ಬರ ಸುರಿದರೂ ಗಿಡ ಹಲವು ವರ್ಷ ಏಳುವುದಿಲ್ಲ. ಚೆನ್ನಾಗಿ ಕಟ್ಟಿದ ಎಷ್ಟೋ ಮನೆಗಳ ಅಂಗಳ ಹೀಗೆ ಬರಡಾದದ್ದನ್ನು ನೋಡಿ ಸಂಕಟಪಟ್ಟಿದ್ದೇನೆ. ಅಡಿಪಾಯದಿಂದ ಹೊರಮುಖವಾಗಿ ಹತ್ತು ಅಡಿಗೆ ಎರಡೂವರೆ ಇಂಚಿನಷ್ಟು ಇಳಿಜಾರು ಇದ್ದರೆ ಮಳೆನೀರು ಗೋಡೆಯ ಬುಡದಲ್ಲಿ ನಿಲ್ಲುವುದಿಲ್ಲ.

ಧರೆ ಕಡಿಯುವ ಮುನ್ನ

ಮಿನಿ ಯಂತ್ರ ಊರೂರಿಗೆ ಬಂದ ಮೇಲೆ ಗುಡ್ಡದ ಧರೆಯನ್ನು ನೆಟ್ಟಗೆ ಕಡಿದು ಮನೆಯ ಹಿಂದೆ ಜಾಗ ಮಾಡಿಕೊಳ್ಳುವುದು ಅರ್ಧ ದಿನದ ಕೆಲಸವಾಗಿದೆ. ಹಿಂದೆ ಗುದ್ದಲಿಯಲ್ಲಿ ತಿಂಗಳು ಹಿಡಿಯುತ್ತಿದ್ದಾಗ ಮಣ್ಣು ಜರಿಯುವ ಸೂಚನೆ ಕೊಡಲು ಸಮಯವಿರುತ್ತಿತ್ತು, ಈಗ ಇಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2021ರ ಜುಲೈಯಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡಗಳು ಜಾರಿ ಮನೆ ತೋಟಗಳು ಹೋದದ್ದನ್ನು ನಾವು ಕಂಡಿದ್ದೇವೆ. ಭಾರಿ ಮಳೆಯೇ ಅಲ್ಲಿ ಮೊದಲ ಕಾರಣವಾದರೂ, ಇಳಿಜಾರಿನ ಬುಡ ಕಡಿದಷ್ಟೂ ಅದರ ಮೇಲಿನ ಮಣ್ಣಿಗೆ ಆಧಾರ ತಪ್ಪುತ್ತದೆ ಎಂಬುದರಲ್ಲಿ ಸಂಶಯವಿಲ್ಲ. ಆಳೆತ್ತರಕ್ಕಿಂತ ಹೆಚ್ಚಿನ ಧರೆಯನ್ನು ಕಡಿಯಲೇಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಸರಿಸಿ ಕಡಿಯಿರಿ, ಮೇಲೆ ಬರುವ ನೀರನ್ನು ಬದಿಗೆ ತಿರುಗಿಸುವ ಕಾಲುವೆಯನ್ನು ಮಳೆಗೆ ಮೊದಲೇ ಮಾಡಿಸಿ, ಕಡಿದ ಮಣ್ಣನ್ನು ಕೆಳಗಿನವರ ತೋಟದ ತಲೆಯ ಮೇಲೆ ರಾಶಿ ಹಾಕಬೇಡಿ. ಕಡಿದಾದ ಗುಡ್ಡದ ನೆತ್ತಿಯಲ್ಲಿ ಇಂಗುಗುಂಡಿಗಳನ್ನು ತೋಡುವುದನ್ನೂ ನಾನು ಒಪ್ಪುವುದಿಲ್ಲ. ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟಿರುವ ಸೊಪ್ಪಿನ ಬೆಟ್ಟದಲ್ಲಾಗಲಿ ಅರಣ್ಯದ ಅಂಚಿನಲ್ಲಾಗಲಿ ಯಂತ್ರ ಇಳಿಸುವ ಮೊದಲು ಅರಣ್ಯ ಇಲಾಖೆಯ ಸ್ಥಳೀಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಇಳಿಜಾರಿನಲ್ಲಿ ನಿಂತು ಅಗೆಯುವಾಗ ಮೊದಲು ಬ್ಲೇಡಿನಿಂದ ಚೈನಿನ ಕೆಳಗೆ ಸಮತಟ್ಟಾದ ಜಾಗ ಮಾಡಿಕೊಳ್ಳಬೇಕು. ತುಂಬಿದ ಬಕೆಟ್ಟನ್ನು ಎತ್ತರಕ್ಕೆತ್ತಿ ಇಳಿಜಾರಿನ ಕಡೆಗೆ ಬೀಸಿ ತಿರುಗಿಸುವುದೇ ಯಂತ್ರ ಮಗುಚಲು ದೊಡ್ಡ ಕಾರಣ. ಸೀಟು ಬೆಲ್ಟ್ ಮತ್ತು ಗಟ್ಟಿ ಚೌಕಟ್ಟಿನ ಚಾವಣಿ ಇಲ್ಲದ ಯಂತ್ರವನ್ನು ಮಲೆನಾಡಿಗೆ ತರಬೇಡಿ. ಎದೆಮಟ್ಟಕ್ಕಿಂತ ಆಳದ ಕಾಲುವೆಗೆ, ಬದಿಗಳನ್ನು ಇಳಿಜಾರು ಮಾಡದೆ ಅಥವಾ ಹಲಗೆ ಊರದೆ ಯಾರನ್ನೂ ಇಳಿಸಬೇಡಿ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ.

ಬಾಡಿಗೆಯೋ ಸ್ವಂತವೋ

ಸ್ವಂತ ಯಂತ್ರದ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಲೆಕ್ಕ ಹಾಕುವ ವಿಧಾನವನ್ನು ತೋರಿಸಲು ಕೆಲವು ಸಂಖ್ಯೆಗಳನ್ನು ಹಿಡಿಯುತ್ತೇನೆ, ನಿಮ್ಮ ಊರಿನ ನಿಜವಾದ ದರಗಳನ್ನು ಆ ಜಾಗದಲ್ಲಿ ಇಟ್ಟುಕೊಳ್ಳಿ. ತೆರಿಗೆ ಸೇರಿ ಯಂತ್ರದ ಬೆಲೆ 18 ಲಕ್ಷ, ಎಂಟು ವರ್ಷದ ನಂತರ ಮಾರಿದರೆ 8 ಲಕ್ಷ ಎಂದಿರಲಿ. ವರ್ಷಕ್ಕೆ ಸವಕಳಿ 1.25 ಲಕ್ಷ, ಸರಾಸರಿ 13 ಲಕ್ಷದ ಮೇಲೆ ಶೇಕಡಾ 10ರಂತೆ ಬಡ್ಡಿ 1.3 ಲಕ್ಷ, ವಿಮೆ, ಸರ್ವಿಸ್, ಚೈನು, ರಿಪೇರಿಗಳಿಗೆ 60,000. ಒಟ್ಟು 3.15 ಲಕ್ಷ. ವರ್ಷಕ್ಕೆ 100 ಗಂಟೆ ಓಡಿಸಿದರೆ ಡೀಸೆಲ್ಲು ಮತ್ತು ಆಪರೇಟರನ ಸಂಬಳ ಬಿಟ್ಟೇ ಗಂಟೆಗೆ 3,150 ರೂಪಾಯಿ ಬಿತ್ತು. ಬಾಡಿಗೆ ದರ ಗಂಟೆಗೆ 1,000, ಅದರಲ್ಲಿ ಡೀಸೆಲ್ಲು ಮತ್ತು ಆಪರೇಟರಿಗೆ 350 ಎಂದರೆ ಉಳಿದ 650ರಲ್ಲಿ 3.15 ಲಕ್ಷ ಹುಟ್ಟಬೇಕಾದರೆ ವರ್ಷಕ್ಕೆ ಸುಮಾರು 485 ಗಂಟೆ ಕೆಲಸವಿರಬೇಕು. ಮಲೆನಾಡಿನಲ್ಲಿ ದೀಪಾವಳಿಯಿಂದ ಮೇ ಕೊನೆಯವರೆಗೆ ಮಾತ್ರ ನೆಲ ಯಂತ್ರಕ್ಕೆ ಒಗ್ಗುತ್ತದೆ. ನಾಲ್ಕೈದು ಎಕರೆ ತೋಟದವರಿಗೆ ಅಷ್ಟು ಗಂಟೆಯ ಕೆಲಸ ತಮ್ಮಲ್ಲೇ ಸಿಗುವುದಿಲ್ಲ.

ಹೀಗಾಗಿ ಒಂದೋ ಬಾಡಿಗೆಗೆ ಓಡಿಸುವ ಮನಸ್ಸು ಮಾಡಿ ಕೊಳ್ಳಬೇಕು, ಇಲ್ಲವೇ ನಾಲ್ಕಾರು ಮನೆಯವರು ಸೇರಿ ಕೊಳ್ಳಬೇಕು. ಸೇರಿ ಕೊಳ್ಳುವವರು ಗಂಟೆ ಮೀಟರಿನ ಆರಂಭ ಮತ್ತು ಕೊನೆಯ ಅಂಕಿಗಳನ್ನು ಪ್ರತಿ ಮನೆಯ ಕೆಲಸಕ್ಕೂ ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕುವ ಪದ್ಧತಿಯನ್ನು ಮೊದಲ ದಿನವೇ ಇಟ್ಟುಕೊಳ್ಳಿ. ಸಾಗಣೆಯನ್ನೂ ಯೋಚಿಸಬೇಕು. ಚೈನಿನ ಯಂತ್ರ ರಸ್ತೆಯಲ್ಲಿ ಓಡಿಕೊಂಡು ಹೋಗುವಂಥದ್ದಲ್ಲ. ಎರಡು ಟನ್ನಿನ ಒಳಗಿನದ್ದನ್ನು ಸಣ್ಣ ಲಾರಿಯಲ್ಲಿ ಒಯ್ಯಬಹುದು, ಆದರೆ ಬಕೆಟ್ಟು, ಬ್ರೇಕರುಗಳ ತೂಕವೂ ಸೇರಿದ ಮೇಲೆ ವಾಹನದ ಆರ್‌ಸಿಯಲ್ಲಿ ನಮೂದಾದ ಭಾರದೊಳಗೆ ಬರುತ್ತದೆಯೇ ಎಂದು ನೋಡಬೇಕು.

ಹಳೆಯ ಯಂತ್ರವನ್ನು ಪರೀಕ್ಷಿಸುವ ಬಗೆ

ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗಲೇ ಹೋಗಿ. ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿ. ಬಿಸಿಯಿದ್ದರೆ ನೀವು ಬರುವ ಮುನ್ನ ಓಡಿಸಿದ್ದಾರೆ ಎಂದರ್ಥ, ಇನ್ನೊಂದು ದಿನ ಬರುವುದಾಗಿ ಹೇಳಿ. ಚಾಲೂ ಆದ ಮೇಲೆ ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಎಂಜಿನ್ ಆಯಿಲ್ ಸುಡುತ್ತಿದೆ. ಹೈಡ್ರಾಲಿಕ್ ಆಯಿಲ್ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ಅದಕ್ಕೆ ನೀರು ಸೇರಿದೆ. ಬಕೆಟ್ಟನ್ನು ಮಣ್ಣು ತುಂಬಿ ಅರ್ಧ ಎತ್ತರಕ್ಕೆತ್ತಿ, ಎಂಜಿನ್ ನಿಲ್ಲಿಸಿ, ಯಾರೂ ಹತ್ತಿರ ಹೋಗದಂತೆ ನೋಡಿಕೊಂಡು ಹತ್ತು ನಿಮಿಷ ಕಾಯಿರಿ. ಕಣ್ಣಿಗೆ ಕಾಣುವಷ್ಟು ಇಳಿಯುತ್ತಾ ಬಂದರೆ ಸಿಲಿಂಡರಿನ ಸೀಲುಗಳೋ ವಾಲ್ವುಗಳೋ ಸವೆದಿವೆ.

ನಂತರ ಬಕೆಟ್ಟಿನ ಹಲ್ಲನ್ನು ನೆಲಕ್ಕೆ ಊರಿಸಿ, ಆಪರೇಟರಿಗೆ ಕೈಯನ್ನು ಮೆಲ್ಲಗೆ ಮೇಲೆ ಕೆಳಗೆ ಅಲುಗಿಸಲು ಹೇಳಿ, ನೀವು ಸುರಕ್ಷಿತ ದೂರದಲ್ಲಿ ಬದಿಗೆ ಕುಳಿತು ಪಿನ್ನುಗಳನ್ನೇ ನೋಡಿ. ಒಳ್ಳೆಯ ಯಂತ್ರದಲ್ಲಿ ಪಿನ್ನಿನ ಸುತ್ತ ಗ್ರೀಸಿನ ಕಪ್ಪು ಉಂಗುರ ಅಲುಗದೆ ಕುಳಿತಿರುತ್ತದೆ. ಪಿನ್ನು ಕೂರುವ ಲೋಹದ ಬಳೆ, ಅಂದರೆ ಬುಷ್, ಸವೆದ ಯಂತ್ರದಲ್ಲಿ ಆ ಉಂಗುರ ಒಂದು ಬದಿಯಲ್ಲಿ ಒಡೆದು, ಪಿನ್ನು ‘ಟಕ್’ ಎಂದು ಜರುಗಿದ ಮೇಲಷ್ಟೇ ಕೈ ಏಳುತ್ತದೆ, ಸಂದಿಯಲ್ಲಿ ಒಣಗಿದ ಕೆಂಪು ಧೂಳು ಕಾಣುತ್ತದೆ. ಮಾರುವವರು ಹೊಸ ಬಣ್ಣ ಬಳಿದು ಬೇರೆಲ್ಲವನ್ನೂ ಮುಚ್ಚಬಹುದು, ಆ ಒಂದು ಶಬ್ದವನ್ನು ಮುಚ್ಚಲಾಗುವುದಿಲ್ಲ. ಬ್ಲೇಡು ಮತ್ತು ಬಕೆಟ್ಟನ್ನು ಊರಿ ಚೈನುಗಳನ್ನು ನೆಲದಿಂದ ಎತ್ತಿ ಓಡಿಸಿದಾಗ ಚೈನು ಎಳೆಯುವ ಹಲ್ಲುಗಾಲಿಯ, ಅಂದರೆ ಸ್ಪ್ರಾಕೆಟ್ಟಿನ, ಹಲ್ಲು ಕೊಕ್ಕಿನಂತೆ ಬಾಗಿದೆಯೇ, ರಬ್ಬರಿನ ಒಳಗಿನ ಉಕ್ಕಿನ ತಂತಿ ಹೊರಗೆ ಕಾಣುತ್ತಿದೆಯೇ ನೋಡಿ. ಸಮತಟ್ಟಾದ ನೆಲದಲ್ಲಿ ಎರಡೂ ಚೈನುಗಳನ್ನು ಒಟ್ಟಿಗೆ ಓಡಿಸಿ. ಯಂತ್ರ ಒಂದು ಬದಿಗೆ ಎಳೆದರೆ ಆ ಬದಿಯ ಮೋಟರು ಸೋತಿರಬಹುದು. ಗಂಟೆ ಮೀಟರ್ 1,500 ತೋರಿಸುತ್ತಿದ್ದು ಪೆಡಲಿನ ರಬ್ಬರು, ಲಿವರಿನ ಹಿಡಿ, ಸೀಟು ಪೂರ್ತಿ ಸವೆದಿದ್ದರೆ ಮೀಟರನ್ನು ನಂಬಬೇಡಿ.

ಬೆಲೆ ಕಡಿಮೆಯೆಂದು ಆನ್‌ಲೈನಿನಲ್ಲಿ ಸಿಗುವ, ಒಂದು ಟನ್ನಿನ, ಕೇಳರಿಯದ ಹೆಸರಿನ ಆಮದು ಯಂತ್ರಗಳ ಬಗ್ಗೆ ಒಂದು ಮಾತು. ಅಂಗಳದ ಹಗುರ ಕೆಲಸಕ್ಕೆ ಅವು ನಡೆಯಬಹುದು. ಆದರೆ ಒಂದು ಸೀಲು ಹೋದರೆ ಅದರ ಅಳತೆ ಗೊತ್ತಿರುವವರು ಜಿಲ್ಲೆಯಲ್ಲೇ ಇರುವುದಿಲ್ಲ. ಹೊಸದಾಗಲಿ ಹಳೆಯದಾಗಲಿ, ಫಿಲ್ಟರು, ಸೀಲ್ ಕಿಟ್ಟು, ಚೈನು ಎಷ್ಟು ದಿನದಲ್ಲಿ ಬರುತ್ತವೆ, ಮೆಕ್ಯಾನಿಕ್ಕು ಯಾವ ಊರಿನಿಂದ ಬರುತ್ತಾನೆ, ಒಡೆದ ಹೈಡ್ರಾಲಿಕ್ ಹೋಸನ್ನು ಹತ್ತಿರದಲ್ಲಿ ಎಲ್ಲಿ ಮಾಡಿಕೊಡುತ್ತಾರೆ ಎಂಬ ಮೂರನ್ನು ಕೇಳಿಯೇ ಮಾತು ಮುಂದುವರಿಸಿ.

ನಿಮ್ಮ ತೋಟದಲ್ಲೇ ಓಡಿಸಿ ನೋಡಿ

ಷೋರೂಮಿನ ಹಿಂದಿನ ಸಡಿಲ ಮಣ್ಣಿನಲ್ಲಿ ಎಲ್ಲ ಯಂತ್ರಗಳೂ ಚೆನ್ನಾಗಿಯೇ ಕಾಣುತ್ತವೆ. ಮುಂಗಡ ಕೊಡುವ ಮುನ್ನ ಯಂತ್ರವನ್ನು ನಿಮ್ಮ ನೆಲಕ್ಕೆ ತರಿಸಿ, ಲಾರಿ ಬಾಡಿಗೆ ನೀವೇ ಕೊಡಬೇಕಾಗಿ ಬಂದರೂ ಸರಿ. ಹಿಂದಿನ ದಿನ ಕಾಲುವೆಯ ಗೆರೆಯನ್ನು ಸುಣ್ಣದ ಪುಡಿಯಿಂದ ಎಳೆದಿಡಿ, ನೆಲದೊಳಗಿನ ಮೋಟರ್ ಕೇಬಲ್ಲು ಮತ್ತು ಪೈಪು ಹಾದುಹೋದ ಕಡೆ ಕೈಯಿಂದಲೇ ಅಗೆದು ತೆರೆದಿಡಿ. ಎರಡೂ ಕೈಯ ಲಿವರುಗಳ ಕೆಲಸ ಎಲ್ಲ ಯಂತ್ರಗಳಲ್ಲಿ ಒಂದೇ ಅಲ್ಲ. ಬೂಮು, ಅಂದರೆ ಅಗೆಯುವ ಕೈಯ ಬುಡದ ತೋಳು, ಎತ್ತುವುದು ಕೆಲವದರಲ್ಲಿ ಬಲಗೈಯಲ್ಲಿ, ಕೆಲವದರಲ್ಲಿ ಎಡಗೈಯಲ್ಲಿ ಇರುತ್ತದೆ. ನಿಮ್ಮ ಆಪರೇಟರಿಗೆ ಯಾವುದು ರೂಢಿಯೋ ಅದಕ್ಕೆ ಬದಲಾಯಿಸುವ ವಾಲ್ವು ಇದೆಯೇ ಎಂದು ಅಂದೇ ಕೇಳಿ.

ಹತ್ತು ಅಡಿ ಉದ್ದದ ಕಪ್ಪು ತೆಗೆಸಿ, ಎಂಜಿನ್ ನಿಲ್ಲಿಸಿ ಕೆಳಗಿಳಿದು ನೋಡಿ. ತಳದಲ್ಲಿ ಬಕೆಟ್ಟಿನ ಹಲ್ಲುಗಳ ಗೆರೆ ಒಂದೇ ಸಮ ಸಾಗಿದೆಯೇ, ಒಂದು ಕೊಡ ನೀರು ಸುರಿದರೆ ಎಲ್ಲೂ ಮಡುಗಟ್ಟದೆ ಹರಿಯುತ್ತದೆಯೇ, ಬದಿಯಲ್ಲಿ ಕಾಣುವ ಬೇರುಗಳು ಕತ್ತರಿಸಿದಂತೆ ನೀಟಾಗಿ ತುಂಡಾಗಿವೆಯೇ ಅಥವಾ ಮರದ ಬುಡದವರೆಗೆ ಹಿಸಿದು ಬಂದಿವೆಯೇ ಪರೀಕ್ಷಿಸಿ. ಬೇರು ಹಿಸಿದಿದ್ದರೆ ಬಕೆಟ್ಟಿನ ಹಲ್ಲು ಮೊಂಡಾಗಿರಬಹುದು ಅಥವಾ ಆಪರೇಟರ್ ಅವಸರ ಮಾಡಿರಬಹುದು. ಇನ್ನೊಂದು ಹತ್ತು ಅಡಿಯನ್ನು ನಿಧಾನವಾಗಿ ತೆಗೆಯಲು ಹೇಳಿದರೆ ಯಾವುದೆಂದು ತಿಳಿಯುತ್ತದೆ. ಆಮೇಲೆ ಯಂತ್ರವನ್ನು ಅದೇ ಸಾಲಿನ ತುದಿಯಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಲು ಹೇಳಿ, ನೀವು ದೂರದಲ್ಲಿ ನಿಂತು ಅದರ ಹಿಂಬದಿಗೂ ಮರದ ಬುಡಕ್ಕೂ ನಡುವೆ ಎಷ್ಟು ಜಾಗ ಉಳಿಯುತ್ತದೆಂದು ನೋಡಿ.